ಸೌಟು ಬಿಟ್ಟು ಮಿಕ್ಕಿದ್ದೆಲ್ಲ

ಗಂಟುಮೂಟೆ ಕಟ್ಟುವ ವಿದ್ಯೆಗೆ ನಮ್ಮ ಮನೆಯಲ್ಲಿ ಎರಡು ಘರಾನಾಗಳಿವೆ. ನನ್ನದು ‘ಅಲ್ಲೇ ಎಲ್ಲ ಇರುತ್ತೆ’ ಘರಾನಾ. ಅಮ್ಮನದು ‘ಇಲ್ಲದಿದ್ರೆ?’ ಘರಾನಾ. ನನ್ನ ಹೆಂಡತಿ ಯಾರ ಶಿಷ್ಯೆಯೂ ಅಲ್ಲ. ಆದರೆ ಅಮ್ಮ ಹಾಸನದಿಂದ ಬಂದು ನಮ್ಮ ಸ್ಯಾನ್ ಹೋಸೆ ಮನೆಯಲ್ಲಿರುವ ಆರು ತಿಂಗಳು ಯಾವ ಪಕ್ಷ ಸೇರಿದರೆ ಊಟ ರುಚಿಯಾಗಿರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಏಪ್ರಿಲ್ ಮೊದಲ ವಾರ ಮಕ್ಕಳಿಗೆ ವಸಂತದ ರಜೆ. ಲೇಕ್ ಟಾಹೋ ಹತ್ತಿರ ಮೂರು ರಾತ್ರಿಗೆ ಒಂದು ಕ್ಯಾಬಿನ್ ಹಿಡಿದೆ. ಕ್ಯಾಬಿನ್ ಅಂದರೇನು ಎಂದು ಅಮ್ಮ ಕೇಳಿದಳು. ಬೆಟ್ಟದ ಮೇಲೆ, ಕಾಡಿನ ಮಧ್ಯೆ, ಮರದ ಮನೆ ಅಂದೆ.

“ಅಂದ್ರೆ ತೋಟದ ಮನೆ. ತೋಟದ ಮನೆಗೆ ಅಕ್ಕಿ ಬೇಳೆ ಹೊತ್ಕೊಂಡೇ ಹೋಗ್ಬೇಕು.”

ನನ್ನ ಘರಾನಾದ ಕಛೇರಿ ಅಲ್ಲಿಗೇ ಮುಗಿಯಿತು.

ಬಟ್ಟೆಯ ವಿಷಯದಲ್ಲಿ ಮಾತ್ರ ಅಮ್ಮ ಎಡವಿದಳು. ವಸಂತ ಅಂದಿದ್ದೇ ತಪ್ಪಾಯಿತು. ಯುಗಾದಿ, ಮಾವಿನ ಚಿಗುರು, ಫ್ಯಾನಿನ ಗಾಳಿ, ಇಷ್ಟು ಲೆಕ್ಕ ಹಾಕಿ ನಾಲ್ಕು ಹತ್ತಿ ಸೀರೆ ಮಡಿಸಿ ಇಟ್ಟುಬಿಟ್ಟಿದ್ದಳು. ಸಿಯೆರಾ ನೆವಾಡಾ ಬೆಟ್ಟಗಳ ಪಂಚಾಂಗವೇ ಬೇರೆ. ಚಳಿಗಾಲವಿಡೀ ಬಿದ್ದ ಹಿಮವೆಲ್ಲ ಸೇರಿ ಸಾಮಾನ್ಯವಾಗಿ ಅತಿ ಹೆಚ್ಚಾಗುವುದೇ ಏಪ್ರಿಲ್ ಒಂದರ ಆಸುಪಾಸಿಗೆ. ಸರ್ಕಾರದವರು ಅಳತೆಕೋಲು ಹಿಡಿದು ಹೋಗುವುದೂ ಆಗಲೇ. ಟಾಹೋ ದಕ್ಷಿಣಕ್ಕಿರುವ ಫಿಲಿಪ್ಸ್ ಸ್ಟೇಷನ್ ಎಂಬಲ್ಲಿ 2023ರ ಏಪ್ರಿಲ್‌ನಲ್ಲಿ ಅಳೆದಾಗ ಹಿಮ 126.5 ಅಂಗುಲ ಇತ್ತು, ಅಂದರೆ ಹತ್ತು ಅಡಿಗೂ ಮೇಲೆ. ಅದೇ ಜಾಗದಲ್ಲಿ 2015ರ ಏಪ್ರಿಲ್ ಒಂದರಂದು ಬರೀ ಹುಲ್ಲು. ಯಾವ ವರ್ಷ ಏನು ಕಾದಿದೆಯೋ ಹೇಳಲಾಗದು. ಹಾಗಾಗಿ ಹತ್ತಿ ಸೀರೆ ಇರುವ ಚೀಲಕ್ಕೇ ಉಲ್ಲನ್ ಕಾಲುಚೀಲ, ಎರಡು ಶಾಲು, ಇಪ್ಪತ್ತು ವರ್ಷ ಹಳೆಯ ಮಂಕಿ ಕ್ಯಾಪ್ ಸೇರಿದವು. ಸೀರೆ, ಸ್ನೋ ಬೂಟು, ಮಂಕಿ ಕ್ಯಾಪ್ ತೊಟ್ಟು ಕನ್ನಡಿ ಮುಂದೆ ನಿಂತ ಅಮ್ಮ, “ಕರಡಿ ನನ್ನ ನೋಡಿದ್ರೆ ಅದೇ ಹೆದರತ್ತೆ ಬಿಡು” ಅಂದಳು.

ಹಿಂದಿನ ರಾತ್ರಿ ನಾನೊಂದು ಅವಿವೇಕ ಮಾಡಿದೆ. ನಾವು ಹೋಗುವ ದಾರಿಯಲ್ಲೇ ಡಾನರ್ ಕಣಿವೆ ಬರುತ್ತದಲ್ಲ, ಅದರ ಕಥೆಯನ್ನು ಮಕ್ಕಳಿಗೆ ಹೇಳಿದೆ. 1846ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟ ಎಂಬತ್ತಕ್ಕೂ ಹೆಚ್ಚು ಜನ, ದಾರಿಯಲ್ಲಿ ತಡವಾಗಿ, ಅಲ್ಲಿಗೆ ಬರುವ ಹೊತ್ತಿಗೆ ಹಿಮ ಬಿದ್ದು ಚಳಿಗಾಲವಿಡೀ ಸಿಕ್ಕಿಹಾಕಿಕೊಂಡರು. ಹೆಚ್ಚುಕಡಿಮೆ ಅರ್ಧ ಜನ ಉಳಿಯಲಿಲ್ಲ. ಅಲ್ಲಿರುವ ಸ್ಮಾರಕದ ಪೀಠವೇ 22 ಅಡಿ. ಆ ವರ್ಷದ ಹಿಮ ಅಷ್ಟು ಎತ್ತರ ಇತ್ತೆಂದು ತೋರಿಸಲು ಹಾಗೆ ಕಟ್ಟಿದ್ದಾರೆ. ಕೊನೆಕೊನೆಗೆ ಅವರು ಏನು ತಿಂದರು ಎಂಬ ಭಾಗವನ್ನು ನುಂಗಿಕೊಂಡೆ. ಅಮ್ಮ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಬಾಗಿಲ ಹತ್ತಿರ ಇನ್ನೂ ಒಂದು ಚೀಲ ಎದ್ದಿತ್ತು: ಚಪಾತಿ, ಚಟ್ನಿಪುಡಿ, ಕೋಡುಬಳೆ, ಒಂದು ಡಬ್ಬಿ ಪುಳಿಯೋಗರೆ ಗೊಜ್ಜು.

“ಮೂರು ದಿನಕ್ಕೆ ಇಷ್ಟಾ?”

“ಅವರೂ ಹಂಗೇ ಅಂದ್ಕೊಂಡಿದ್ರೋ ಏನೋ.”

ಐದು ಲೀಟರಿನ ಕುಕ್ಕರ್ ಕಂಡಾಗ ನಾನು ಕೈಜೋಡಿಸಿದೆ. ಕ್ಯಾಬಿನ್ನಿನಲ್ಲಿ ಪಾತ್ರೆ ಇವೆ, ಒಲೆ ಇದೆ, ಎಲ್ಲ ಇದೆ ಎಂದು ಫೋಟೋ ತೋರಿಸಿದೆ. ಹೆಂಡತಿ ಫೋಟೋ ದೊಡ್ಡದು ಮಾಡಿ ನೋಡಿ, “ವೈನ್ ಲೋಟ ಹನ್ನೆರಡು ಇವೆ ರೀ, ಕುಕ್ಕರ್ ಕಾಣ್ತಿಲ್ಲ” ಅಂದಳು. ಕುಕ್ಕರ್ ಗಾಡಿ ಹತ್ತಿತು. ಆ ಸೋಲಿನ ಸಿಟ್ಟಿಗೆ, ಇಬ್ಬರೂ ಒಳಗೆ ಹೋದಾಗ, ಪಾತ್ರೆ ಚೀಲದಿಂದ ಸೌಟು ಎರಡನ್ನೂ ಕದ್ದು ತೆಗೆದು ಗ್ಯಾರೇಜಿನ ಷೆಲ್ಫಿನ ಮೇಲಿಟ್ಟೆ. ಏನಾದರೂ ಒಂದು ಕಡಿಮೆ ಮಾಡಿದ ಸಮಾಧಾನ ಬೇಕಿತ್ತು, ಅಷ್ಟೆ.

ಈ ಇಡೀ ಯಾತ್ರೆಯಲ್ಲಿ ನನ್ನ ಪಾಲಿಗೆ ಬಂದಿದ್ದು ಒಂದೇ ಸಾಮಾನು: ಟೈರಿಗೆ ಕಟ್ಟುವ ಚೈನು. ಬೆಟ್ಟ ಹತ್ತುವಾಗ ಹಿಮ ಬಿದ್ದರೆ ಹೆದ್ದಾರಿಯಲ್ಲಿ ತಡೆಯುತ್ತಾರೆ. ಹಿಮದ ಟೈರಿರುವ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಬಿಟ್ಟು ಮಿಕ್ಕವರು ಚೈನ್ ಕಟ್ಟದೆ ಮುಂದೆ ಹೋಗುವಂತಿಲ್ಲ. ನಮ್ಮ ಗ್ರಹಚಾರ, ಆ ಬೆಳಗ್ಗೆ ಹಿಮ ಬಿತ್ತು. ನಾನು ಜಂಬದಿಂದ ಡಿಕ್ಕಿ ತೆಗೆದು, ಎಲ್ಲ ಚೀಲಗಳ ಅಡಿಯಲ್ಲಿದ್ದ ಚೈನನ್ನು ಎಳೆಯಲು ಇಡೀ ಅಡುಗೆಮನೆಯನ್ನು ಹೆದ್ದಾರಿ ಪಕ್ಕದ ಹಿಮದ ಮೇಲೆ ಸಂತೆ ಹರಡಿದ ಹಾಗೆ ಹರಡಿದೆ. ದುಡ್ಡು ತೆಗೆದುಕೊಂಡು ಚೈನ್ ಕಟ್ಟಿಕೊಡುವವನು ಬಂದ. ಚೈನ್ ನೋಡಿದ, ಟೈರ್ ನೋಡಿದ, ನನ್ನ ಮುಖ ನೋಡಿದ. ಅದು ಎರಡು ವರ್ಷದ ಹಿಂದೆ ಮಾರಿದ ಹಳೇ ಕಾರಿನ ಚೈನು.

ವಾಪಸ್ ಕೆಳಗಿನ ಊರಿಗೆ ಇಳಿದು, ಹೊಸ ಚೈನ್ ಕೊಂಡು, ಮತ್ತೆ ಹತ್ತುವ ಹೊತ್ತಿಗೆ ಮೂರು ಗಂಟೆ ಹೋಯಿತು. ಅಷ್ಟರಲ್ಲಿ ಚಪಾತಿ, ಚಟ್ನಿಪುಡಿ ಖಾಲಿ. ಅಮ್ಮ ಒಂದು ಮಾತೂ ಆಡಲಿಲ್ಲ. ಕೋಡುಬಳೆ ಡಬ್ಬಿ ನನ್ನ ಕಡೆ ಚಾಚಿದಳು, ಅಷ್ಟೆ. ಬೈದಿದ್ದರೆ ವಾಸಿ ಇತ್ತು.

ಆದರೆ ಮೊಸರಿನ ವಿಷಯದಲ್ಲಿ ಬೈದಳು, ಬೈಯಬೇಕಾದ್ದೇ. ಹೆಪ್ಪಿಗೆಂದು ತಂದ ಮೊಸರನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಬಟ್ಟೆ ಕಟ್ಟುತ್ತೇನೆ ಅಂದಿದ್ದಳು. ಚೆಲ್ಲುತ್ತದೆ ಎಂದು ನಾನೇ ಹಟ ಹಿಡಿದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಸಿದ್ದೆ. ಡಾನರ್ ಶಿಖರದ ಹತ್ತಿರ ಹೆದ್ದಾರಿ 7,200 ಅಡಿ ಮುಟ್ಟುತ್ತದೆ. ಅಲ್ಲಿ ಗಾಳಿಯ ಒತ್ತಡ ನಮ್ಮೂರಿನದರ ಮುಕ್ಕಾಲು ಭಾಗದಷ್ಟೇ. ಕೆಳಗೆ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಹೊರಗೆ ಬರಲು ದಾರಿ ಹುಡುಕುತ್ತದೆ. ಮೊದಲು ಚಿಪ್ಸ್ ಪೊಟ್ಟಣಗಳು ತಲೆದಿಂಬಿನ ಹಾಗೆ ಉಬ್ಬಿದವು, ಮಕ್ಕಳು ನಕ್ಕರು. ಆಮೇಲೆ ಅಮ್ಮನ ಮಡಿಲಲ್ಲಿ ‘ಟಪ್’ ಎಂದಿತು. ಮಂಕಿ ಕ್ಯಾಪಿಗೆ ಅಭಿಷೇಕ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಆ ರಾತ್ರಿ, ಕುಕ್ಕರಿನ ಹಂಗಿಲ್ಲದೆ ಸಾರು ಮಾಡಿ ತೋರಿಸುತ್ತೇನೆಂದು ಅಲ್ಲಿನ ಪಾತ್ರೆಯಲ್ಲೇ ತೊಗರಿಬೇಳೆ ಇಟ್ಟೆ. ಧಾರಾಳವಾಗಿ ಕುದಿಯಿತು. ಒಂದು ಗಂಟೆ ಕುದಿಯಿತು. ಒಂದೂವರೆ ಗಂಟೆಯಾದರೂ ಬೇಳೆ ಬೇಳೆಯಾಗಿಯೇ ಇತ್ತು. ಟಾಹೋ ಸರೋವರ ಇರುವುದೇ 6,225 ಅಡಿ ಎತ್ತರದಲ್ಲಿ. ಅಲ್ಲಿ ನೀರು 94 ಡಿಗ್ರಿ ಮುಟ್ಟುವ ಮೊದಲೇ ಕುದಿಯತೊಡಗುತ್ತದೆ. ಎಷ್ಟು ಉರಿ ಹೆಚ್ಚಿಸಿದರೂ ಅದರ ಮೇಲೆ ಬಿಸಿ ಏರುವುದಿಲ್ಲ, ನೀರು ಆವಿಯಾಗುತ್ತದೆ ಅಷ್ಟೆ. ಕುಕ್ಕರಿನ ಮುಚ್ಚಳದಡಿ ಒತ್ತಡ ಕೂಡಿಕೊಂಡರೆ ಅದೇ ನೀರು 110 ಡಿಗ್ರಿ ದಾಟುತ್ತದೆ. ಇದನ್ನು ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಪಾಸಾಗಿದ್ದೇನೆ. ಅಮ್ಮ ಓದಿಲ್ಲ. ಪಾತ್ರೆಯೊಳಗೆ ಇಣುಕಿ, “ಬೇಳೆಗೆ ಬೇಕಾಗಿರೋದು ಕುದಿಯಲ್ಲ ಕಣೋ, ಬಿಸಿ” ಅಂದು, ಎಲ್ಲವನ್ನೂ ಕುಕ್ಕರಿಗೆ ಸುರಿದಳು. ನಾಲ್ಕು ಸೀಟಿ, ಬೇಳೆ ಬೆಣ್ಣೆ.

ಒಗ್ಗರಣೆಯ ಹೊತ್ತಿಗೆ ಹೆಂಡತಿ ಗೋಡೆಯ ಮೇಲಿನ ಸೂಚನಾ ಪಟ್ಟಿ ಓದಿದಳು. ವಸಂತದಲ್ಲಿ ಕರಡಿಗಳು ಹಸಿದು ಓಡಾಡುತ್ತವೆ. ಕಾರಿನಲ್ಲಿ ತಿಂಡಿ ಬಿಡಬೇಡಿ, ಟೂತ್‌ಪೇಸ್ಟು, ತುಟಿಗೆ ಹಚ್ಚುವ ಮುಲಾಮು ಸಹ ಬಿಡಬೇಡಿ. ಕಸವನ್ನು ಹೊರಗಿನ ಕಬ್ಬಿಣದ ಪೆಟ್ಟಿಗೆಯಲ್ಲೇ ಹಾಕಿ. ಅಲ್ಲಿನ ಕರಡಿಗಳಿಗೆ ಕಾರಿನ ಬಾಗಿಲ ಹಿಡಿ ಎಳೆದು ತೆಗೆಯಲೂ ಬರುತ್ತದೆ. ವಾಸನೆ ಬರುವ ಸಾಮಾನೆಲ್ಲ ಒಳಗೆ ಎಂದರೆ, ಲೆಕ್ಕ ಹಾಕಿ ನೋಡಿ: ಇಂಗು, ಸಾರಿನ ಪುಡಿ, ಗೊಜ್ಜು, ತುಪ್ಪ, ತಲೆಗೆ ಹಚ್ಚುವ ಎಣ್ಣೆ, ಊದಿನಕಡ್ಡಿ, ವಿಕ್ಸ್, ಕೊನೆಗೆ ಮೊಸರು ಕುಡಿದ ಕಾರಿನ ಸೀಟು. ಸೀಟನ್ನು ಮಾತ್ರ ಬಿಚ್ಚಿ ತರಲಾಗಲಿಲ್ಲ. ರಾತ್ರಿ ಹನ್ನೊಂದಕ್ಕೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಮೊಬೈಲ್ ಟಾರ್ಚ್ ಹಿಡಿದು ಬಿಸಿನೀರಲ್ಲಿ ಅದನ್ನು ಉಜ್ಜಿದವನು ನಾನು. ಕರಡಿ ಬರಲಿಲ್ಲ. ನೋಡಿ ನಕ್ಕು ಹೋಗಿರಲೂಬಹುದು.

ಒಳಗೆ ಬಂದರೆ ಬಿಸಿಬಿಸಿ ಸಾರು, ಅನ್ನ. ಬಡಿಸಲು ಸೌಟಿಲ್ಲ. ಅಲ್ಲಿನ ಡ್ರಾಯರುಗಳಲ್ಲಿ ಬಾಟಲಿ ಬಿರಡೆ ಕೀಳುವ ಸಾಧನ ಮೂರು, ದೋಸೆ ಮಗುಚುವಂಥದ್ದು ಎರಡು, ಐಸ್‌ಕ್ರೀಮ್ ತೋಡುವ ಚಮಚ ಒಂದು. ನಾನು ಆ ಚೀಲ ಮೊದಲ ಸಲ ನೋಡುತ್ತಿರುವವನ ಹಾಗೆ ಹುಡುಕಾಡಿದೆ. “ನಾನೇ ಇಟ್ಟಿದ್ನಲ್ಲೋ” ಎಂದು ಅಮ್ಮ ಮೂರು ಸಲ ಅಂದಳು. ಮೂರು ದಿನವೂ ವೈನ್ ಲೋಟದಲ್ಲಿ ಮೊಗೆದು ಸಾರು ಬಡಿಸಿದೆವು. ಎರಡನೇ ದಿನ ಮಗಳು, ಗ್ಯಾರೇಜಿನಲ್ಲಿ ಅಪ್ಪ ಏನೋ ಹೊಳೆಯುವುದನ್ನು ಇಟ್ಟಿದ್ದನ್ನು ನೆನಪಿಸಿಕೊಂಡಳು.

ಹೊರಡುವ ದಿನ ಮೇಜಿನ ಮೇಲೆ ಅತಿಥಿಗಳು ಬರೆಯುವ ಪುಸ್ತಕ ಇತ್ತು. ಸೂರ್ಯಾಸ್ತ, ಸರೋವರ, ಹಿಮ, ಬೆಂಕಿಗೂಡು ಎಂದು ಎಲ್ಲರೂ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಹೊಗಳಿದ್ದರು. ಅಮ್ಮ ಕನ್ನಡಕ ಹಾಕಿಕೊಂಡು, ದುಂಡಗಿನ ಕನ್ನಡದಲ್ಲಿ ಬರೆದಳು: “ಮನೆ ಚೆನ್ನಾಗಿದೆ. ಸೌಟು ಇಲ್ಲ. ಮುಂದೆ ಬರುವವರು ತರುವುದು. ಮಗನ ಕೈಗೆ ಚೀಲ ಕೊಡಬಾರದು.”