ಸರ್ವರಭಾವ ಪ್ರಕರಣ

ಇರುವ ವಸ್ತುಗಳ ಬಗ್ಗೆ ಗ್ರಂಥ ಬರೆದವರು ಬೇಕಾದಷ್ಟು ಮಂದಿ. ಇಲ್ಲದ್ದರ ಬಗ್ಗೆ ಶ್ರದ್ಧೆಯಿಂದ ತಲೆ ಕೆಡಿಸಿಕೊಂಡವರು ನಮ್ಮ ನೈಯಾಯಿಕರು. 'ನೆಲದ ಮೇಲೆ ಗಡಿಗೆ ಇಲ್ಲ' ಎಂದಾಗ ಆ 'ಇಲ್ಲ'ವೂ ಒಂದು ಪದಾರ್ಥವೇ ಎಂದು ವಾದಿಸಿ, ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿಟ್ಟರು. ಆಗ ಸರ್ವರ್ ಇದ್ದಿದ್ದರೆ ಗಡಿಗೆಯನ್ನು ಕುಂಬಾರನಿಗೆ ವಾಪಸು ಕೊಟ್ಟು ನೇರವಾಗಿ ನಾಡಕಚೇರಿಯ ಕಿಟಕಿಯ ಮುಂದೆ ಬಂದು ನಿಲ್ಲುತ್ತಿದ್ದರು. ಬೆಳಗ್ಗೆ ಹತ್ತೂವರೆಗೇ ಅಲ್ಲಿ ದೃಷ್ಟಾಂತ ಸಿದ್ಧ: "ಸರ್ವರ್ ಇಲ್ಲ. ಊಟ ಆದ್ಮೇಲೆ ಬನ್ನಿ."

ಸಂಸ್ಥೆಗಳಲ್ಲಿ ಐಟಿ ಸೇವೆಯ ಲಭ್ಯತೆಯನ್ನು ಕಾಪಾಡುವ ವಿದ್ಯೆಯನ್ನು ಶಾಸ್ತ್ರೋಕ್ತವಾಗಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ವಿದ್ಯೆಗೆ ಆಗಮ ಉಂಟು: 1980ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ಸಂಸ್ಥೆಯೊಂದು ಬರೆಸಲು ತೊಡಗಿದ ಐಟಿಐಎಲ್. ಸೂತ್ರವೂ ಉಂಟು. ಯಂತ್ರ ಕೆಡದೆ ಸರಾಸರಿ ಎಷ್ಟು ಹೊತ್ತು ಓಡಿತೋ ಅದನ್ನು, ಓಡಿದ ಹೊತ್ತು ಮತ್ತು ರಿಪೇರಿಯ ಹೊತ್ತಿನ ಮೊತ್ತದಿಂದ ಭಾಗಿಸತಕ್ಕದ್ದು. ಉತ್ತರ ಶೇಕಡಾ 99.9 ಬಂದರೆ ವರ್ಷಕ್ಕೆ 8 ಗಂಟೆ 45 ನಿಮಿಷ ಮಾತ್ರ ಕೈಕೊಟ್ಟಿತು ಎಂದರ್ಥ. ಇನ್ನೊಂದು ಒಂಬತ್ತು ಸೇರಿಸಿ 99.99 ಮಾಡಿದರೆ 52 ನಿಮಿಷ ಚಿಲ್ಲರೆ. ಮತ್ತೊಂದು ಸೇರಿಸಿದರೆ 5 ನಿಮಿಷದ ಮೇಲೆ ಕೆಲವು ಸೆಕೆಂಡು, ಜೊತೆಗೆ ಹಣಕಾಸು ವಿಭಾಗದವರ ಎದೆನೋವು. ಆ ಎಂಟೂಮುಕ್ಕಾಲು ಗಂಟೆ ಭಾನುವಾರದ ನಡುರಾತ್ರಿಗಳಲ್ಲಿ ಚದುರಿ ಬಿತ್ತೋ, ಮಾರ್ಚ್ 31ರಂದು ಇಡಿಯಾಗಿ ಎರಗಿತೋ ಎಂದು ಸೂತ್ರ ವಿಚಾರಿಸುವುದಿಲ್ಲ.

ರಿಪೇರಿಯ ಹೊತ್ತನ್ನು ತಗ್ಗಿಸಲು ಎರಡು ಮಾರ್ಗ. ಬೇಗ ರಿಪೇರಿ ಮಾಡುವುದು ಒಂದು, ಅದು ಕಷ್ಟ. ಗಡಿಯಾರವನ್ನು ತಡವಾಗಿ ಶುರು ಮಾಡುವುದು ಇನ್ನೊಂದು. ಇದೇ ಬಹುಜನ ಸಮ್ಮತ. ಮುಂಚೆಯೇ ಮೇಲ್ ಕಳಿಸಿ ನಿಲ್ಲಿಸಿದ್ದು ನಿಲುಗಡೆಯೇ ಅಲ್ಲ. ಹೇಳದೆ ನಿಂತದ್ದೂ ಟಿಕೆಟ್ ಎಂಬ ದೂರು ದಾಖಲಾದ ಕ್ಷಣದಿಂದ ಮಾತ್ರ ನಿಂತದ್ದು. ಒಂದು ವೇಳೆ ಟಿಕೆಟ್ ಹಾಕುವ ತಂತ್ರಾಂಶವೇ ಕೂತುಹೋಯಿತೆನ್ನಿ: ಟಿಕೆಟ್ ಇಲ್ಲ, ಆದ್ದರಿಂದ ದೋಷವಿಲ್ಲ, ಆದ್ದರಿಂದ ಆ ದಿನದ ಲಭ್ಯತೆ ನೂರಕ್ಕೆ ನೂರು. ಇದು ಮೋಸವಲ್ಲವೇ ಎಂದು ಕೇಳುವವರನ್ನು ನಾಸ್ತಿಕರೆಂದು ತಿಳಿಯತಕ್ಕದ್ದು.

ಇನ್ನು ಅಭಾವ ವಿಚಾರ. ಹುಟ್ಟುವುದಕ್ಕೆ ಮೊದಲಿನ 'ಇಲ್ಲ' ಪ್ರಾಗಭಾವ. ಇದು ಅನಾದಿ, ಆದರೆ ಅಂತ್ಯವುಳ್ಳದ್ದು. ಮುಂದಿನ ಕ್ವಾರ್ಟರಿನಲ್ಲಿ ಬರಲಿರುವ ಹೊಸ ಪೋರ್ಟಲ್ ಇದಕ್ಕೆ ಉದಾಹರಣೆ. ಅನಾದಿ ಎಂಬಲ್ಲಿ ವಿವಾದವಿಲ್ಲ. ಅಂತ್ಯದ ಬಗ್ಗೆ ವೆಂಡರನ್ನೇ ಕೇಳಬೇಕು.

ಒಡೆದ ಮೇಲಿನ 'ಇಲ್ಲ' ಪ್ರಧ್ವಂಸಾಭಾವ. 2017ರ ಜನವರಿ 31ರಂದು ತಂತ್ರಾಂಶದ ಕೋಡನ್ನು ಕಾಪಿಡುವ ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರೊಬ್ಬರು ನಕಲು ಡೇಟಾಬೇಸ್ ಅಳಿಸುತ್ತಿದ್ದೇನೆಂದು ತಿಳಿದು ಅಸಲನ್ನೇ ಅಳಿಸಿದರು. ಬ್ಯಾಕಪ್ಪಿಗೆಂದು ಐದು ವಿಧಾನಗಳಿದ್ದವು. ಐದರಲ್ಲಿ ಒಂದೂ ನೆಚ್ಚುವಂತಿರಲಿಲ್ಲ ಎಂದು ಕಂಪನಿಯೇ ಬಹಿರಂಗವಾಗಿ ಒಪ್ಪಿಕೊಂಡಿತು. ಕೈಹಿಡಿದದ್ದು ಬೇರೇನೋ ಪರೀಕ್ಷೆಗೆಂದು ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿ. ಈಚಿನ ಆರು ಗಂಟೆಯ ಮಾಹಿತಿ ಹೋದದ್ದು ಹೋಯಿತು. ಸತ್ಯ ಒಪ್ಪಿಕೊಂಡ ಆ ಕಂಪನಿಯ ಬಗ್ಗೆ ಈ ಲೇಖಕನಿಗೆ ಗೌರವವೇ ಇದೆ. ಉಳಿದವರು ಐದೂ ಸರಿಯಿವೆ ಎಂದೇ ನಂಬಿ ಕೂತಿರುತ್ತಾರೆ, ಒಮ್ಮೆಯೂ ರಿಸ್ಟೋರ್ ಮಾಡಿ ನೋಡದೆ.

ಮೂರನೆಯದಾದ ಅನ್ಯೋನ್ಯಾಭಾವವೇ ಈ ಶಾಸ್ತ್ರದ ಜೀವಾಳ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಇದರ ಅಧ್ಯಯನ ಪೀಠವೆಂದರೆ ಸೇವೆ ನಿಂತಾಗ ಎಲ್ಲ ತಂಡಗಳೂ ಫೋನಿನಲ್ಲಿ ಕೂಡುವ ರಾತ್ರಿ ಹನ್ನೊಂದರ ಬ್ರಿಡ್ಜ್ ಕಾಲ್.

"ನೆಟ್‌ವರ್ಕ್‌ನೋರು ಇದೀರಾ?"

"ಇದೀವಿ ಸರ್. ನಮ್ ಕಡೆಯಿಂದ ಪಿಂಗ್ ಹೋಗ್ತಿದೆ."

"ಸರ್ವರ್ ಟೀಮ್?"

"ಸಿಪಿಯು, ಮೆಮೊರಿ ಎಲ್ಲಾ ನಾರ್ಮಲ್ ಸರ್. ಡಿಬಿಯೋರನ್ನ ಕೇಳಿ."

"ಡಿಬಿ? ಹಲೋ? ಮ್ಯೂಟಲ್ಲಿದೀರಾ ನೋಡಿ."

"ಸಾರಿ ಸರ್. ನಮ್ದೇನಿಲ್ಲ. ಕ್ವೆರಿನೇ ಬರ್ತಿಲ್ಲ, ನೆಟ್‌ವರ್ಕ್ ಇರ್ಬೇಕು."

ಪ್ರದಕ್ಷಿಣೆ ಪೂರ್ತಿಯಾಯಿತು. ಎಲ್ಲರದೂ ಸರಿಯಿದೆ, ಸೇವೆ ಮಾತ್ರ ಇಲ್ಲ. ವಿಚಿತ್ರವೆಂದರೆ ಗಣಿತವೂ ಇವರ ಪರ. ಪಡಿತರ ಅಂಗಡಿಯಲ್ಲಿ ಅಜ್ಜಿಯೊಬ್ಬಳು ಹೆಬ್ಬೆಟ್ಟು ಒತ್ತುತ್ತಾಳೆ. ಯಂತ್ರ, ಕರೆಂಟು, ಸಿಮ್ಮಿನ ಸಿಗ್ನಲ್, ಇಲಾಖೆಯ ಸರ್ವರ್, ಆಧಾರ್ ಸರ್ವರ್, ಈ ಐದೂ ಒಂದೇ ಗಳಿಗೆಯಲ್ಲಿ ಎದ್ದು ಕೂತಿರಬೇಕು. ಒಂದೊಂದೂ ಶೇಕಡಾ 99 ಲಭ್ಯವೆಂದಿಟ್ಟುಕೊಂಡರೆ, ಐದೂ ಕೂಡಿ ಸಿಗುವುದು ಶೇಕಡಾ 95. ತಿಂಗಳಿಗೆ ಒಂದೂವರೆ ದಿನ ಖೋತಾ. ಐವರಿಗೂ 99 ಅಂಕ, ಅಜ್ಜಿಗೆ "ನಾಳೆ ಬಾರಮ್ಮ". ಕಳೆ ಕಿತ್ತು ಕಿತ್ತು ಅವಳ ಬೆರಳಿನ ಗೆರೆ ಸವೆದಿದ್ದರೆ, ಅದು ಐವರಲ್ಲಿ ಯಾರ ಬಾಬ್ತೂ ಅಲ್ಲ.

ಮೂರು ಕಾಲಕ್ಕೂ ಇಲ್ಲದ್ದು ಅತ್ಯಂತಾಭಾವ. ಪ್ರಾಚೀನರು ಮೊಲದ ಕೊಂಬನ್ನು ತೋರಿಸಿದರು, ನಾವು ಡಿಆರ್ ಸೈಟನ್ನು, ಅಂದರೆ ಅಸಲು ಕೇಂದ್ರ ಕೆಟ್ಟಾಗ ಬೇರೆ ಊರಿನಿಂದ ಕೈಹಿಡಿಯಬೇಕಾದ ಬದಲಿ ಕೇಂದ್ರವನ್ನು, ತೋರಿಸಬಹುದು. ಕಾಗದದಲ್ಲಿ ಅದು ಇದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಎಂಬ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ, ಅಸಲನ್ನೂ ಬ್ಯಾಕಪ್ಪನ್ನೂ ಒಂದೇ ಆವರಣದಲ್ಲಿಟ್ಟಿದ್ದ ಹಲವು ಗಿರಾಕಿಗಳಿಗೆ ಎರಡೂ ಉಳಿಯಲಿಲ್ಲ.

ಕೊನೆಯದಾಗಿ ಪ್ರಮಾಣ ವಿಚಾರ. 'ಇಲ್ಲ' ಎಂದು ಗೊತ್ತಾಗುವುದು ಹೇಗೆ? ಕಣ್ಣಿಂದಲೇ ಎಂದರು ನೈಯಾಯಿಕರು. ಕಾಣದಿರುವುದೇ ಬೇರೆಯೊಂದು ಪ್ರಮಾಣ, ಅನುಪಲಬ್ಧಿ, ಎಂದರು ಭಾಟ್ಟ ಮೀಮಾಂಸಕರು. ಐಟಿ ವಿಭಾಗ ಎರಡನ್ನೂ ತಳ್ಳಿಹಾಕಿ ಡ್ಯಾಶ್‌ಬೋರ್ಡನ್ನೇ ಆಪ್ತವಾಕ್ಯವೆಂದು ಸ್ವೀಕರಿಸಿದೆ. 2017ರ ಫೆಬ್ರವರಿ 28ರಂದು ಅಮೆರಿಕದಲ್ಲಿ ಅಮೆಜಾನಿನ ಎಸ್3 ಎಂಬ ಉಗ್ರಾಣ ಸೇವೆ, ಕೊಟ್ಟ ಆದೇಶವೊಂದರಲ್ಲಿ ಆದ ತಪ್ಪಿನಿಂದ ಬಿದ್ದಿತು. ಎಲ್ಲಿ ಏನು ಕೆಟ್ಟಿದೆ ಎಂದು ಲೋಕಕ್ಕೆ ಸಾರುವ ಫಲಕವನ್ನು ಸುಮಾರು ಎರಡು ಗಂಟೆ ತಿದ್ದಲಾಗಲಿಲ್ಲ. ಕಾರಣ, ಫಲಕ ತಿದ್ದುವ ವ್ಯವಸ್ಥೆಯೂ ಎಸ್3ನ್ನೇ ನಂಬಿಕೊಂಡಿತ್ತು.

ಆದ್ದರಿಂದ ಸಿದ್ಧಾಂತ: ಲಭ್ಯತೆಯನ್ನು ಸರ್ವರ್ ಕೋಣೆಯ ಎಸಿಯಲ್ಲಿ ಕೂತು ಅಳೆಯತಕ್ಕದ್ದಲ್ಲ, ಕಿಟಕಿಯ ಹೊರಗೆ ಸಾಲಿನಲ್ಲಿ ನಿಂತು ಅಳೆಯತಕ್ಕದ್ದು. ಎಷ್ಟು ನಿಮಿಷ ನಿಂತಿತು ಎಂಬುದನ್ನು ಎಷ್ಟು ಜನ ಕಾದರು ಎಂಬುದರಿಂದ ಗುಣಿಸಿ ವರದಿ ಬರೆಯತಕ್ಕದ್ದು. ಇದನ್ನು ಒಪ್ಪದ ಪಂಡಿತರು ದಯವಿಟ್ಟು ಟಿಕೆಟ್ ಹಾಕಿ. ಮೂರು ಕೆಲಸದ ದಿನಗಳೊಳಗೆ ಓದದೆಯೇ ಕ್ಲೋಸ್ ಮಾಡಲಾಗುವುದು.