ಬರಾಬರಿ ಸಾವ್ಕಾರ್ರು

ಗದಗ-ಬೆಟಗೇರಿಯೊಳಗೆ ಕ್ಯಾಸಿನೋಕ್ಕೆ ಹೋಗಿ ಸೋತು ಬಂದವರು ಯಾರೂ ಇಲ್ಲ. ಗೆದ್ದು ಬಂದವರೂ ಇಲ್ಲ. ಹೋದವರೆಲ್ಲ ಬರಾಬರಿ ಆಗಿ ಬಂದವರೇ. ಈ ಪಂಥದ ಹಿರಿಯರನ್ನು ನೋಡಬೇಕೆಂದರೆ ಮಧ್ಯಾಹ್ನ ಟೆಂಡರ್ ಮುಗಿದ ಹೊತ್ತಿಗೆ ಎಪಿಎಂಸಿಯ ಯಾವುದಾದರೂ ದಲಾಲಿ ಅಂಗಡಿಗೆ ಹೋಗಿರಿ. ಗಾದಿಯ ಮೇಲೆ ಒರಗಿರುತ್ತಾರೆ. ಬಿಳಿ ಅಂಗಿ, ಬಿಳಿ ಪೈಜಾಮ, ಹಣೆಗೆ ವಿಭೂತಿ, ಜೇಬಿನಲ್ಲಿ ದೀಪಾವಳಿಗೆ ಯಾರೋ ಪುಕ್ಕಟೆ ಕೊಟ್ಟ ಡೈರಿ.

"ಏನ್ರೀ ಸಾವ್ಕಾರ್ರ, ಗೋವಾ ಹೆಂಗಾತು?"

"ಮಸ್ತ್ ಆತು. ಲುಕ್ಸಾನ ಏನಿಲ್ಲ. ಬರಾಬರಿ."

ಬರಾಬರಿ ಹೇಗಾಯಿತೆಂಬ ಗುಟ್ಟು ಆ ಡೈರಿಯಲ್ಲಿದೆ. ಖರ್ಚಿನ ಕಡೆ ಒಂದೇ ಸಾಲು: ‘ಪಣಜಿ – 30,000’. ಜಮಾ ಕಡೆ ಪುಟವೇ ಸಾಲದು. ಪನೀರ್ ಟಿಕ್ಕಾ 14 ತುಂಡು, ತುಂಡಿಗೆ 40ರಂತೆ 560. ಜ್ಯೂಸ್ 9 ಗ್ಲಾಸು, 900. (ಡೈರಿ ಮನೆಯವರ ಕೈಗೂ ಸಿಗುವಂಥದ್ದು, ಅದಕ್ಕೇ ಅದು ಜ್ಯೂಸ್.) ದಂಡೆಯಿಂದ ಕ್ಯಾಸಿನೋ ಹಡಗಿಗೆ ದೋಣಿಯಲ್ಲಿ ಹೋಗಿ ಬಂದದ್ದು, ಬೇರೆಯವರಾದರೆ 500 ಕೇಳುತ್ತಿದ್ದರು, ಉಳಿಯಿತು. ಡ್ಯಾನ್ಸ್ ನೋಡಿದ್ದು 1,000. ರಾತ್ರಿಯಿಡೀ ಹಡಗಿನಲ್ಲೇ ಕೂತದ್ದರಿಂದ ಲಾಡ್ಜ್ ಬಾಡಿಗೆ 3,000 ಉಳಿತಾಯ. ಅನುಭವ, 10,000. ಕೊನೆಗೂ ಹೊಂದದೆ ಉಳಿದ ಮೊತ್ತಕ್ಕೆ ಅಚ್ಚುಕಟ್ಟಾಗಿ ಒಂದು ತಲೆಬರಹ: ‘ಕಳೀಬಹುದಿತ್ತು, ಕಳೀಲಿಲ್ಲ – 14,040’. ಕೂಡಿಸಿ ನೋಡಿದರೆ ಪೈಸೆ ತಪ್ಪಿಲ್ಲ. ಇಂಥ ಲೆಕ್ಕ ಬರೆಯುವವರನ್ನು ಸೋಲಿಸಲು ಯಾವ ಶಕುನಿಯಿಂದಲೂ ಆಗದು.

ಶಕುನಿಯ ಮಾತು ಬಂದರೆ ಸಾವ್ಕಾರ್ರಿಗೆ ಹುರುಪು ಹೆಚ್ಚು. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಜೂಜಿನ ಕತೆಯನ್ನು ಅಷ್ಟು ವಿಸ್ತಾರವಾಗಿ ಹಾಡಿದ ಊರು ಇದು. ಅದನ್ನು ನೆನಪಿಸಿದರೆ ಅವರು ಧರ್ಮರಾಯನ ತಪ್ಪನ್ನೇ ಎತ್ತಿ ತೋರಿಸುತ್ತಾರೆ: "ಅಂವಗ ಲಿಮಿಟ್ ಇರಲಿಲ್ರಿ. ನಾವು ಲಿಮಿಟ್ ಹಾಕ್ಕೊಂಡು ಹೋಗಾವ್ರು." ಲಿಮಿಟ್ ಖರೇ ಇದೆ. ಆದರೆ ಅದು ಎಟಿಎಂ ಕಾರ್ಡಿನ ದಿನದ ಲಿಮಿಟ್. ರಾತ್ರಿ ಹನ್ನೆರಡಕ್ಕೆ ತಾರೀಖು ಬದಲಾಗುತ್ತದೆ, ಹೊಸ ಲಿಮಿಟ್ ಹುಟ್ಟುತ್ತದೆ. ಹನ್ನೊಂದೂ ಮುಕ್ಕಾಲಿಗೆ ಸಾವ್ಕಾರ್ರು ಆಟ ಬಿಟ್ಟು ಗಡಿಯಾರ ನೋಡುತ್ತ ಕೂತಿದ್ದರೆ, ಮನೆ ನೆನಪಾಗಿದೆ ಎಂದು ತಿಳಿಯಬೇಡಿ.

ಈ ವಿದ್ಯೆ ಅವರಿಗೆ ವಂಶಪಾರಂಪರ್ಯವಾಗಿ ಬಂದದ್ದು. ಅಜ್ಜನ ಕಾಲಕ್ಕೆ ಗದಗ ಎಂದರೆ ಹತ್ತಿ. ಮುಂಬಯಿಯ ಮಟ್ಕಾ ಹುಟ್ಟಿದ್ದೂ ಹತ್ತಿಯಿಂದಲೇ. ನ್ಯೂಯಾರ್ಕಿನಿಂದ ಬರುತ್ತಿದ್ದ ಹತ್ತಿಯ ಓಪನ್ ರೇಟು, ಕ್ಲೋಜ್ ರೇಟಿನ ಮೇಲೆ ಅಲ್ಲಿಯವರು ಬಾಜಿ ಕಟ್ಟುತ್ತಿದ್ದರು. 1960ರ ದಶಕದಲ್ಲಿ ಆ ರೇಟು ನಿಂತ ಮೇಲೆ ಕಲ್ಯಾಣಜಿ ಭಗತ್, ರತನ್ ಖತ್ರಿ ಹತ್ತಿ ಬಿಟ್ಟು ಅಂಕಿಯನ್ನಷ್ಟೇ ಉಳಿಸಿಕೊಂಡರು. ಅದೇ ನಮ್ಮಲ್ಲಿ ಓಸಿ ಆಯಿತು. "ಹತ್ತಿ ಬೆಳದಾವ್ರು ನಾವು, ಆಟ ಕಲ್ತಾವ್ರು ಅವ್ರು" ಎಂಬ ಕೊರಗು ಸಾವ್ಕಾರ್ರಿಗಿದೆ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ ಆ ಕೊರಗು ಇನ್ನಷ್ಟಾಯಿತು.

ಅದಕ್ಕಿಂತ ದೊಡ್ಡ ಅನ್ಯಾಯ ಅವರ ಕಣ್ಣಿಗೆ ಬಿದ್ದಿದೆ. ಮುಂಡರಗಿಯ ಬೇವಿನ ಗಿಡದ ಕೆಳಗೆ ನಾಲ್ಕು ಮಂದಿ ಕೂತು ಅಂದರ್-ಬಾಹರ್ ಆಡಿದರೆ ಪೊಲೀಸ್ ಕಾಯ್ದೆಯ 87ನೇ ಕಲಂ. ಮರುದಿನ ಪೇಪರಿನಲ್ಲಿ ಇಸ್ಪೀಟೆಲೆ, ಜಪ್ತಾದ ರೊಕ್ಕ, ನಾಲ್ವರ ಹೆಸರು. ಅದೇ ಅಂದರ್-ಬಾಹರನ್ನು ಅನಮೋಡ ಘಾಟು ಇಳಿದು ಮಾಂಡವಿ ನದಿಯ ಮೇಲೆ ಆಡಿದರೆ ಟೈ ಕಟ್ಟಿದ ಹುಡುಗ ‘ಸರ್’ ಎಂದು ಎಲೆ ಹಂಚುತ್ತಾನೆ. ಗೋವಾ ಸರ್ಕಾರ 1992ರಲ್ಲಿ ಪಂಚತಾರಾ ಹೋಟೆಲುಗಳಿಗೆ ಜೂಜಿನ ಯಂತ್ರ ಬಿಟ್ಟುಕೊಟ್ಟಿತು, 1996ರಲ್ಲಿ ಹಡಗಿಗೆ ಮೇಜೂ ಬಂತು. ಆದರೆ ಗೋವಾದವರೇ ಒಳಗೆ ಹೋಗಬಾರದೆಂದು 2020ರಲ್ಲಿ ಅಲ್ಲಿನ ಸರ್ಕಾರ ಬಾಗಿಲು ಹಾಕಿತು. ತಮ್ಮ ಮಂದಿಯ ಕಾಳಜಿ ಅದು. ಸಾವ್ಕಾರ್ರು ಇದನ್ನು ಬೇರೆ ರೀತಿ ಓದಿದ್ದಾರೆ: "ಖಾಸ್ ನಮ್ಮಂಥಾವ್ರಿಗಂತ ಇಟ್ಟಾರ."

ಒಂದು ಚೀಲ ಉಳ್ಳಾಗಡ್ಡಿಗೆ ಎರಡು ರೂಪಾಯಿ ಹಮಾಲಿ ಏರಿದರೆ ಯಾರ್ಡನ್ನೇ ಬಂದ್ ಮಾಡಿಸುವ ಮನುಷ್ಯ ಇವರು. ಕ್ಯಾಸಿನೋದ ಜಿಎಸ್‌ಟಿ 2023ರ ಅಕ್ಟೋಬರಿನಲ್ಲಿ ಕೊಂಡ ಚಿಪ್ಪಿನ ಪೂರಾ ಬೆಲೆಯ ಮೇಲೆ 28 ಪರ್ಸೆಂಟ್ ಆಯಿತು, 2025ರ ಸೆಪ್ಟೆಂಬರಿನಲ್ಲಿ 40ಕ್ಕೆ ಏರಿತು. ಸಾವ್ಕಾರ್ರು ತುಟಿ ಪಿಟಕ್ಕೆನ್ನಲಿಲ್ಲ. ಪ್ರವೇಶದ ರೊಕ್ಕಕ್ಕೆ ಕೊಡುವ ಚಿಪ್ಪನ್ನು ಆಡಿಯೇ ತೀರಿಸಬೇಕು, ಕೌಂಟರಿನಲ್ಲಿ ರೊಕ್ಕ ಮಾಡಿಕೊಳ್ಳುವಂತಿಲ್ಲ. ಅದನ್ನೂ ಅವರು ‘ಫ್ರೀ ಕೊಟ್ರು’ ಎಂದೇ ಹೇಳುತ್ತಾರೆ.

ನಮ್ಮ ಗಣಿತದ ಮಾಸ್ತರು ಒಮ್ಮೆ ತಿಳಿಸಿ ಹೇಳಲು ಹೋದರು. ರೂಲೆಟ್ ಚಕ್ರದಲ್ಲಿ ಸೊನ್ನೆ ಹಿಡಿದು 37 ಮನೆ. ಎಲ್ಲಾ ಮನೆಗೂ ಒಂದೊಂದು ರೂಪಾಯಿ ಇಟ್ಟರೆ ಯಾವುದೋ ಒಂದು ಬಂದೇ ಬರುತ್ತದೆ, ಕೈಗೆ 36 ರೂಪಾಯಿ ಸಿಗುತ್ತದೆ. ಒಂದು ರೂಪಾಯಿ ಹಡಗಿಗೆ. "ಅಂದ್ರ ನೂರಕ್ಕ ಸುಮಾರು ಎರಡೂ ಮುಕ್ಕಾಲು ರೂಪಾಯಿ ಅವ್ರದು, ಎಷ್ಟ ಸಲ ಆಡ್ತೀರೋ ಅಷ್ಟ ಸಲ." ಸಾವ್ಕಾರ್ರು ಗಂಭೀರವಾಗಿ ಕೇಳಿ, ತಲೆದೂಗಿ, "ಮಾಸ್ತರ, ಎರಡೂ ಮುಕ್ಕಾಲೇನು ಭಾಳ ಆತ್ರಿ? ನಮ್ಮ ದಲಾಲಿನೂ ಸುಮಾರು ಅಷ್ಟ ಐತಿ" ಎಂದರು. ಮಾಸ್ತರು ಆಮೇಲೆ ಆ ಅಂಗಡಿಯ ಕಡೆ ಹಾದದ್ದು ಕಡಿಮೆ.

ಮನೆಯಲ್ಲಿ ಸಾವ್ಕಾರ್ತಿ ಡೈರಿ ಓದುವುದಿಲ್ಲ, ಓದುವ ಗರಜೂ ಇಲ್ಲ. ಗಂಡ ಊಟಕ್ಕೆ ಕೂತು, "ಏನ ಹೇಳು, ನಿನ್ನ ಕೈಯಾನ ರೊಟ್ಟಿ-ಬದನೀಕಾಯಿ ಪಲ್ಲೆಯ ರುಚಿನ ಬ್ಯಾರೆ" ಎಂದರೆ ಹತ್ತು ಸಾವಿರ ಹೋಗಿದೆ. ಶೇಂಗಾ ಚಟ್ನಿಯನ್ನೂ ಹೊಗಳಿದರೆ ಇಪ್ಪತ್ತು. ಒಂದು ಸಲ ಮಜ್ಜಿಗೆಯವರೆಗೂ ಹೊಗಳಿಕೆ ಬಂತಂತೆ. ಅವತ್ತೇ ಆಕೆ ಬೀರುವಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು, ಇನ್ನೂ ತೆಗೆದಿಲ್ಲ.

ಈ ಸಲ ಹೆಸರಿನ ರಾಶಿ ಮುಗಿದ ಮೇಲೆ ಮತ್ತೊಂದು ಸವಾರಿ ಗೊತ್ತಾಗಿದೆ. ಕ್ರೂಸರ್ ಗಾಡಿ. ಲಕ್ಷ್ಮೇಶ್ವರದ ಮೆಣಸಿನಕಾಯಿ ವ್ಯಾಪಾರಿ, ಶಿರಹಟ್ಟಿಯ ಗೊಬ್ಬರದ ಅಂಗಡಿಯವರು, ಮುಂಡರಗಿಯ ರಸ್ತೆ ಗುತ್ತಿಗೆದಾರರು, ಜೊತೆಗೆ ನಮ್ಮ ಸಾವ್ಕಾರ್ರು. ನಾಲ್ವರೂ ಹೋದ ಸಲ ಬರಾಬರಿ ಆದವರೇ. ಅಂಗಡಿಯ ಮುಂದೆ ಗಿರ್ಮಿಟ್ ತಿನ್ನುತ್ತ ಪ್ಲ್ಯಾನ್ ಹಾಕುತ್ತಿದ್ದಾಗ, ಮಿರ್ಚಿ ಕರಿಯುವ ಹುಡುಗ ಜಾರಿ ಎತ್ತಿ ಹಿಡಿದುಕೊಂಡೇ ಕೇಳಿದ: "ನಾಲ್ಕೂ ಮಂದಿ ಬರಾಬರಿ ಅಂದ್ರ, ಅಷ್ಟ್ ದೊಡ್ಡ ಹಡಗು ಯಾರ ರೊಕ್ಕದಾಗ ತೇಲ್ತೈತ್ರಿ?"

ಗೊಬ್ಬರದವರು ಮೆಣಸಿನಕಾಯಿಯವರ ಮುಖ ನೋಡಿದರು. ಗುತ್ತಿಗೆದಾರರು ಗಿರ್ಮಿಟ್ಟಿನೊಳಗೆ ಏನನ್ನೋ ಹುಡುಕತೊಡಗಿದರು. ಸಾವ್ಕಾರ್ರು ಮಾತ್ರ ಕೈ ಒರೆಸಿಕೊಂಡು, ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದರು:

"ಹುಬ್ಬಳ್ಳ್ಯಾವ್ರ ರೊಕ್ಕದಾಗ."