ಬಸ್ಸಿನ ಒಳಗೋ, ಮೇಲೋ?

ನಮ್ಮ ಮೇಷ್ಟ್ರು ಸೀಮೆಸುಣ್ಣವನ್ನು ಡಬ್ಬಿಯೊಳಗೆ ಹಾಕಿ ‘ಇನ್’ ಎಂದರು, ಡಬ್ಬಿಯ ಮೇಲಿಟ್ಟು ‘ಆನ್’ ಎಂದರು. ಪಾಠ ಮುಗಿಯಿತು. ಆ ಸೀಮೆಸುಣ್ಣವನ್ನೇ ನಂಬಿಕೊಂಡು ಕೆಲಸಕ್ಕೆ ಸೇರಿದ ನಾನು, ಮೊದಲ ದಿನವೇ ಮೇಲಧಿಕಾರಿಗಳೆದುರು ‘ಐ ಕೇಮ್ ಇನ್ ದ ಬಸ್’ ಎಂದೆ. ‘ಆನ್ ದ ಬಸ್’ ಎಂದು ತಿದ್ದಿದರು. ‘ಇಲ್ಲ ಸಾರ್, ಸೀಟು ಸಿಕ್ಕಿತ್ತು’ ಎಂದೆ. ಬಸ್ಸಿನ ಟಾಪಿನ ಮೇಲೆ ಕೂತು ಜಾತ್ರೆಗೆ ಹೋಗಿಬಂದವನಿಗೆ ‘ಆನ್’ ಅಂದರೆ ಏನೆಂದು ಗೊತ್ತಿರುವುದಿಲ್ಲವೇ!

ಆಮೇಲೆ ತಿಳಿಯಿತು, ಇಲ್ಲಿ ಲೆಕ್ಕ ಒಳಗೆ, ಮೇಲೆ ಎಂಬುದರದಲ್ಲ, ನಮ್ಮ ಬೆನ್ನಿನದು. ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ಹಾಕುವಂತಿದ್ದರೆ ‘ಆನ್’: ಬಸ್ಸು, ರೈಲು, ವಿಮಾನ. ತಲೆ ಬಗ್ಗಿಸಿ ತೂರಿಕೊಳ್ಳಬೇಕಾದರೆ ‘ಇನ್’: ಕಾರು, ಆಟೋ. ಇಳಿಯುವಾಗಲೂ ಬಸ್ಸಿಗೆ ‘ಆಫ್’, ಕಾರಿಗೆ ‘ಔಟ್ ಆಫ್’. ನಾವಾದರೋ ಎಲ್ಲವನ್ನೂ ಹತ್ತುತ್ತೇವೆ, ಎಲ್ಲದರಿಂದಲೂ ಇಳಿಯುತ್ತೇವೆ. ಈ ರಗಳೆಯೇ ಬೇಡವೆಂದು ‘ಬೈ ಬಸ್’ ಎನ್ನಬಹುದು, ನಡುವೆ ‘ದ’ ನುಸುಳದಂತೆ ನೋಡಿಕೊಂಡರಾಯಿತು. ಆದರೆ ನಡೆದು ಬಂದವನಿಗೆ ‘ಬೈ’ ಇಲ್ಲ, ಅವನು ‘ಆನ್ ಫುಟ್’. ‘ಬೈ ವಾಕ್ ಬಂದೆ’ ಎಂದು ನಾನು ಇಪ್ಪತ್ತು ವರ್ಷ ಹೇಳಿದ್ದೇನೆ; ಅದರಿಂದ ಕಾಲಿಗೇನೂ ತೊಂದರೆಯಾಗಲಿಲ್ಲ.

ನಮ್ಮ ಕೆಎಸ್‌ಆರ್‌ಟಿಸಿಯ ಬಸ್ಸುಗಳ ಹೆಸರು ಕೇಳಿದರೆ ಇಂಗ್ಲಿಷಿನವರೂ ತಲೆ ಕೆರೆದುಕೊಂಡಾರು. ವೋಲ್ವೊ ಬಸ್ಸಿಗೆ ಐರಾವತ ಎಂದು ಹೆಸರು. ಇಂದ್ರನ ಆನೆ, ಹಾಗಾಗಿ ‘ಆನ್’ ಒಪ್ಪುತ್ತದೆ. ಸ್ಲೀಪರಿಗೆ ಅಂಬಾರಿ ಎಂದರು. ಅಂಬಾರಿ ಇರುವುದು ಆನೆಯ ಮೇಲೆ, ಕೂರುವುದು ಅಂಬಾರಿಯ ಒಳಗೆ. ದಸರೆಯ ದಿನ ಸುಮಾರು 750 ಕಿಲೋ ತೂಗುವ ಚಿನ್ನದ ಅಂಬಾರಿಯಲ್ಲಿ ಹೊರಡುವ ಚಾಮುಂಡೇಶ್ವರಿ ಏಕಕಾಲಕ್ಕೆ ‘ಇನ್’ ಕೂಡ ಹೌದು, ‘ಆನ್’ ಕೂಡ ಹೌದು. ಸಾಲದೆಂದು 2023ರಲ್ಲಿ ಪಲ್ಲಕ್ಕಿಯೂ ಬಂತು. ನಿಜದ ಪಲ್ಲಕ್ಕಿಯಲ್ಲಿ ಎದ್ದು ನಿಂತರೆ ಹೊರುವವರು ಬಿಟ್ಟಾರೆಯೇ? ಇನ್ನು ಸ್ಲೀಪರಿನಲ್ಲಿ ಮಲಗಿಯೇ ಹೋಗುವವನಿಗೆ ನಿಲ್ಲುವ ನಿಯಮ ಹೇಗೆ ತಾಗುತ್ತದೋ!

ಹೊತ್ತಿನ ವಿಷಯದಲ್ಲೂ ಇದೇ ಪಾಡು. ಗಂಟೆಗೆ ‘ಆ್ಯಟ್’, ವಾರದ ದಿನಕ್ಕೆ ‘ಆನ್’, ತಿಂಗಳಿಗೆ ‘ಇನ್’. ಬೆಳಿಗ್ಗೆಗೆ ‘ಇನ್’, ಸೋಮವಾರ ಬೆಳಿಗ್ಗೆ ಎಂದೊಡನೆ ‘ಆನ್’, ರಾತ್ರಿಯಾದರೆ ‘ಆ್ಯಟ್’. ವಾರಾಂತ್ಯಕ್ಕೆ ಬ್ರಿಟನ್ನಿನವರದು ‘ಆ್ಯಟ್’, ಅಮೆರಿಕದವರದು ‘ಆನ್’, ಅವರವರಲ್ಲೇ ಹೊಂದಾಣಿಕೆಯಿಲ್ಲ. ನಮ್ಮ ಸೋಮವಾರಕ್ಕೂ ರಾತ್ರಿಗೂ ಬಾಲವೇ ಬೇಡ: ಸೋಮವಾರ ಬಾ, ರಾತ್ರಿ ಉಳಿ.

ಅಕ್ಕನ ಮಗಳು ವಿದೇಶಕ್ಕೆ ಓದಲು ಹೋಗಬೇಕೆಂದು ಇಂಗ್ಲಿಷ್ ಪರೀಕ್ಷೆಗೆ ಕಟ್ಟಿದ್ದಾಳೆ. ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಮುಕ್ಕಾಲು ಗಂಟೆ ಕೊರೆದೆ. ಕೊನೆಗೆ, ‘ಹಬ್ಬಕ್ಕೆ ಯಾವ ಬಸ್ಸಿಗೆ ಬರ್ತೀಯೇ?’ ಎಂದು ಕೇಳಿದೆ.

‘ರಾತ್ರಿ ಒಂಬತ್ತೂವರೆ ಪಲ್ಲಕ್ಕಿಗೆ, ಮಾಮ.’

‘ಇದನ್ನೇ ಇಂಗ್ಲಿಷಿನಲ್ಲಿ ಹೇಳು ನೋಡೋಣ’ ಎನ್ನುವಷ್ಟರಲ್ಲಿ ಫೋನಿಟ್ಟಿದ್ದಳು.